ಅಡಕತ್ತರಿ ಯಾವಾಗ ನಿಲ್ಲಬೇಕು: ಸಿನಿಮಾ ದೃಶ್ಯಕ್ಕೆ ಶಬ್ದ ಮತ್ತು ಸಂಗೀತ ಕೂಡಿಸುವ ಬಗೆ

ಕಿರುಚಿತ್ರ ಮಾಡುವವರು ಕ್ಯಾಮೆರಾದ ಬಗ್ಗೆ ತಿಂಗಳುಗಟ್ಟಲೆ ಯೋಚಿಸುತ್ತಾರೆ, ಶಬ್ದದ ಬಗ್ಗೆ ಕೊನೆಯ ಎರಡು ರಾತ್ರಿ. ನಾನೂ ಹಾಗೆಯೇ ಮಾಡಿದವನು. ನನ್ನ ಮೊದಲ ಕಿರುಚಿತ್ರದಲ್ಲಿ ಹೆಂಗಸೊಬ್ಬಳು ಅಡುಗೆಮನೆಯಲ್ಲಿ ನಿಂತು ಕಿಟಕಿಯಾಚೆ ನೋಡುವ ಒಂದು ಶಾಟ್ ಇತ್ತು. ಅದರಡಿಗೆ ಅಂತರ್ಜಾಲದಿಂದ ಇಳಿಸಿಕೊಂಡ ಪಿಟೀಲನ್ನು ಹಾಕಿದ್ದೆ. ಮನೆಯಲ್ಲಿ ಎಲ್ಲರನ್ನೂ ಕೂರಿಸಿ ತೋರಿಸಿದಾಗ ಸೋದರತ್ತೆ ಕೇಳಿದ್ದು ಒಂದೇ ಪ್ರಶ್ನೆ: "ಪಾಪ, ಅವಳಿಗೆ ಏನು ಕಾಯಿಲೆ?" ಕಥೆಯಲ್ಲಿ ಅವಳಿಗೆ ಯಾವ ಕಾಯಿಲೆಯೂ ಇರಲಿಲ್ಲ. ಹಾಲು ಕಾಯಲಿ ಎಂದು ನಿಂತಿದ್ದಳು, ಅಷ್ಟೇ. ಕಾಯಿಲೆ ತಂದಿಟ್ಟದ್ದು ಪಿಟೀಲು.

ಅಂದಿನಿಂದ ನಾನೊಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಜಾಗದ ಸದ್ದು, ಆಮೇಲೆ ಅದನ್ನು ಕೇಳುವ ಕಿವಿ, ಆಮೇಲೆ ಮೌನ, ಕಟ್ಟಕಡೆಗೆ ಸಂಗೀತ. ನಮ್ಮಲ್ಲಿ ಹೆಚ್ಚಾಗಿ ನಡೆಯುವುದು ಇದಕ್ಕೆ ತಲೆಕೆಳಗು. ಚಿತ್ರರಂಗದವರು ರೀರೆಕಾರ್ಡಿಂಗ್ ಎನ್ನುವ ಹಿನ್ನೆಲೆ ಸಂಗೀತವನ್ನು ಮೊದಲು ಸುರಿದು, ಉಳಿದ ಸಂದಿನಲ್ಲಿ ಬಾಗಿಲಿನ ಸದ್ದು, ಹೆಜ್ಜೆಯ ಸದ್ದು ತುರುಕುವುದು.

ಕಲಿಯಲು ಒಂದು ದೃಶ್ಯ ಬೇಕಲ್ಲ, ಇದನ್ನು ಇಟ್ಟುಕೊಳ್ಳೋಣ. ಮಲೆನಾಡಿನ ಹಂಚಿನ ಮನೆ, ರಾತ್ರಿ ಒಂಬತ್ತೂಕಾಲು. ಮಳೆ ಈಗಷ್ಟೇ ನಿಂತಿದೆ. ಅಮ್ಮ ಜಗಲಿಯಲ್ಲಿ ಕುಳಿತು ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದಾಳೆ. ಬೆಂಗಳೂರಿನಿಂದ ಮಗ ಬರುತ್ತಾನೆ. "ಊಟ ಆಯಿತೇ?" "ದಾರಿಯಲ್ಲಿ ಆಯಿತಮ್ಮ." ತೋಟ ಮಾರುವ ಕಾಗದವನ್ನು ಚೀಲದಿಂದ ತೆಗೆದು ಅವಳ ಮುಂದಿಡುತ್ತಾನೆ. ಅವಳು ಓದುವುದಿಲ್ಲ, ಸಹಿ ಹಾಕುತ್ತಾಳೆ. ಎರಡೂವರೆ ನಿಮಿಷದ ದೃಶ್ಯ, ಮಾತು ಇಷ್ಟೇ.

ಹೆಜ್ಜೆ 1: ಬೇರೆಯವರ ದೃಶ್ಯದಲ್ಲಿ ಕಿವಿ ಪಳಗಿಸಿ

ನಿಮ್ಮ ಚಿತ್ರವನ್ನು ಮುಟ್ಟುವ ಮೊದಲು ಒಳ್ಳೆಯ ಚಿತ್ರವೊಂದರ ಮೂರು ನಿಮಿಷ ಆರಿಸಿಕೊಳ್ಳಿ. ಮೊದಲ ಸಲ ಪರದೆಗೆ ಟವೆಲ್ ಹೊದಿಸಿ ಬರೀ ಕೇಳಿ, ಕೇಳಿಸಿದ್ದನ್ನೆಲ್ಲ ಬರೆಯಿರಿ. ಎರಡನೆಯ ಸಲ ಧ್ವನಿ ತೆಗೆದು ಬರೀ ನೋಡಿ, ಯಾವ್ಯಾವ ಸದ್ದು ಇರಬೇಕಿತ್ತು ಎಂದು ಊಹಿಸಿ ಬರೆಯಿರಿ. ಮೂರನೆಯ ಸಲ ಎರಡನ್ನೂ ಕೂಡಿಸಿ. ಎರಡು ಪಟ್ಟಿ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನಿರ್ದೇಶಕ ಏನನ್ನೋ ತೀರ್ಮಾನಿಸಿದ್ದಾನೆ.

ಸತ್ಯಜಿತ್ ರಾಯ್ ಅವರ 'ಪಥೇರ್ ಪಾಂಚಾಲಿ'ಯಲ್ಲಿ (1955) ತಂದೆ ಹರಿಹರ ಬಹುಕಾಲದ ನಂತರ ಊರಿಗೆ ಮರಳುತ್ತಾನೆ. ಮಗಳು ದುರ್ಗಾ ತೀರಿಕೊಂಡದ್ದು ಅವನಿಗೆ ಗೊತ್ತಿಲ್ಲ. ಅವಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ಸರ್ವಜಯಾ ಕುಸಿದು ಅಳುತ್ತಾಳೆ, ಅವಳ ಬಾಯಿ ತೆರೆದಿದೆ, ಆದರೆ ಅಳು ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶಹನಾಯಿ ಎಂಬ ತಂತಿವಾದ್ಯ ಏರುಸ್ವರದಲ್ಲಿ ಚೀರುತ್ತದೆ. ಸಂಗೀತ ರವಿಶಂಕರ್ ಅವರದು. ಅಲ್ಲಿ ಸಂಗೀತವು ಅಳುವಿನ ಹಿಂದೆ ನಿಂತಿಲ್ಲ, ಅಳುವನ್ನೇ ತೆಗೆದು ಅದರ ಪೀಠದಲ್ಲಿ ಕುಳಿತಿದೆ. ಎರಡೂ ಒಟ್ಟಿಗೆ ಕೇಳಿಸಿದ್ದರೆ ಎರಡೂ ಕಡಿಮೆಯಾಗುತ್ತಿದ್ದವು.

ಶಬ್ದಕ್ಕೆ ತನ್ನದೇ ಆದ ಒಳ್ಳೆಯದು ಕೆಟ್ಟದ್ದು ಇರುವುದಿಲ್ಲ ಎಂಬುದಕ್ಕೆ ಸಿಂಗೀತಂ ಶ್ರೀನಿವಾಸರಾಯರ 'ಪುಷ್ಪಕ ವಿಮಾನ' (1987) ನೋಡಿ. ಮಾತೇ ಇಲ್ಲದ ಚಿತ್ರ. ಟಾಕೀಸಿನ ಗದ್ದಲದ ಪಕ್ಕ ಬದುಕಿದ ನಾಯಕನಿಗೆ ಐಷಾರಾಮಿ ಹೋಟೆಲಿನ ಮೌನದಲ್ಲಿ ನಿದ್ದೆಯೇ ಹತ್ತುವುದಿಲ್ಲ. ಹಳೆಯ ಜಾಗಕ್ಕೆ ಹೋಗಿ ಆ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು, ಹಾಕಿಕೊಂಡು, ಹಾಯಾಗಿ ಮಲಗುತ್ತಾನೆ. ನಮಗೆ ಕಿರಿಕಿರಿಯಾದದ್ದು ಅವನಿಗೆ ಜೋಗುಳ.

ಹೆಜ್ಜೆ 2: ಕಥೆಯ ಒಳಗಿನ ಸದ್ದು, ಹೊರಗಿನ ಸದ್ದು

ಈಗ ನಿಮ್ಮ ದೃಶ್ಯಕ್ಕೆ ಬನ್ನಿ. ಒಂದು ಹಾಳೆಯ ನಡುವೆ ಗೆರೆ ಎಳೆಯಿರಿ. ಪಾತ್ರಗಳಿಗೂ ಕೇಳಿಸುವ ಸದ್ದು ಎಡಕ್ಕೆ, ಪ್ರೇಕ್ಷಕರಿಗೆ ಮಾತ್ರ ಕೇಳಿಸುವುದು ಬಲಕ್ಕೆ. ನಮ್ಮ ದೃಶ್ಯದ ಎಡಗಡೆ ಹೀಗಿರಬಹುದು: ಹಂಚಿನ ಅಂಚಿನಿಂದ ತೊಟ್ಟಿಕ್ಕುವ ಹನಿ, ಕಪ್ಪೆ, ಜೀರುಂಡೆ, ಗೋಡೆ ಗಡಿಯಾರ, ಒಳಗಿನ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಅಡಕತ್ತರಿಯ ಕಟಕ್, ತಟ್ಟೆಗೆ ಬೀಳುವ ಅಡಿಕೆ ಹೋಳು, ದೂರದಲ್ಲಿ ತಿರುಗಿ ಹೋಗುವ ಕೊನೆಯ ಬಸ್ಸು, ಅಂಗಳದ ಕೆಸರಿನಲ್ಲಿ ಹೆಜ್ಜೆ, ಚೀಲದ ಜಿಪ್ಪು, ಕಾಗದ, ಪೆನ್ನು. ಬಲಗಡೆಯನ್ನು ಸದ್ಯಕ್ಕೆ ಖಾಲಿ ಬಿಡಿ.

ಎಡಗಡೆಯ ಪಟ್ಟಿಯಲ್ಲೇ ಸಂಗೀತ ಸಿಕ್ಕಿಬಿಟ್ಟರೆ ಅದು ಅದೃಷ್ಟ. ಬಿ. ವಿ. ಕಾರಂತರ 'ಚೋಮನ ದುಡಿ'ಯಲ್ಲಿ (1975) ಚೋಮನ ಸಿಟ್ಟು, ದುಃಖ, ಹಠ ಎಲ್ಲವೂ ಅವನೇ ಬಾರಿಸುವ ದುಡಿಯಲ್ಲಿ ಬರುತ್ತವೆ. ಹಿನ್ನೆಲೆಯಿಂದ ಯಾರೋ ಬಂದು ಅವನ ಪರವಾಗಿ ಮರುಗಬೇಕಾಗಿಲ್ಲ. ಫ್ರಿಟ್ಸ್ ಲಾಂಗ್ ಅವರ ಜರ್ಮನ್ ಚಿತ್ರ 'ಎಂ' (1931) ಇನ್ನೊಂದು ದಾರಿ ತೋರಿಸಿತು. ಅದರಲ್ಲಿ ಮಕ್ಕಳನ್ನು ಕೊಲ್ಲುವವನು ನಾರ್ವೆಯ ಸಂಗೀತಗಾರ ಗ್ರೀಗ್‌ನ ಒಂದು ಧಾಟಿಯನ್ನು ಸಿಳ್ಳೆ ಹಾಕುತ್ತಾನೆ, ಕಡೆಗೆ ಕಣ್ಣಿಲ್ಲದ ಬಲೂನು ಮಾರುವವನೊಬ್ಬ ಆ ಸಿಳ್ಳೆಯಿಂದಲೇ ಅವನನ್ನು ಗುರುತಿಸುತ್ತಾನೆ. ಮಾತಿನ ಚಿತ್ರ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಶಬ್ದವೇ ಕಥೆಯ ಸಾಕ್ಷಿಯಾಗಿ ಕಟಕಟೆ ಹತ್ತಿತು.

ನಮ್ಮ ಪಟ್ಟಿಯಲ್ಲಿ ಅಂಥ ಸದ್ದು ಅಡಕತ್ತರಿ. ಮಾರಾಟಕ್ಕಿರುವುದು ಅಡಿಕೆ ತೋಟ, ಅವಳ ಕೈಯಲ್ಲಿರುವುದು ಅದೇ ತೋಟದ ಅಡಿಕೆ. ಅದಕ್ಕೆ ಲಯವಿದೆ, ಅದನ್ನು ನಿಲ್ಲಿಸಬಹುದು, ಮತ್ತೆ ಶುರು ಮಾಡಬಹುದು. ಅದರಡಿ ಗೆರೆ ಎಳೆದಿಡಿ.

ಹೆಜ್ಜೆ 3: ಕೇಳುತ್ತಿರುವ ಕಿವಿ ಯಾರದು?

ಇಡೀ ಕೆಲಸದ ಜೀವ ಇಲ್ಲಿದೆ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ಕ್ಯಾಮೆರಾ ಎಲ್ಲಿಡಬೇಕು ಎಂದು ಎಲ್ಲರೂ ಜಗಳವಾಡುತ್ತಾರೆ, ಕಿವಿ ಎಲ್ಲಿಡಬೇಕು ಎಂದು ಕೇಳುವವರು ಕಡಿಮೆ. ಒಂದೇ ಕೋಣೆಯಲ್ಲಿ ಕುಳಿತ ಇಬ್ಬರಿಗೆ ಒಂದೇ ಸದ್ದು ಕೇಳಿಸುವುದಿಲ್ಲ.

'ದಿ ಗಾಡ್‌ಫಾದರ್' (1972) ಚಿತ್ರದ ಹೋಟೆಲ್ ದೃಶ್ಯ ಇದಕ್ಕೆ ಪಾಠವಿದ್ದಂತೆ. ನಾಯಕ ಮೈಕೆಲ್ ಇಬ್ಬರನ್ನು ಗುಂಡಿಕ್ಕಿ ಕೊಲ್ಲಲು ಬಂದಿದ್ದಾನೆ. ಎದುರಿನವನು ಇಟಾಲಿಯನ್ ಭಾಷೆಯಲ್ಲಿ ಏನೋ ಹೇಳುತ್ತಿದ್ದಾನೆ, ಕೆಳಗೆ ಅನುವಾದವೂ ಬರುವುದಿಲ್ಲ. ಹೊರಗೆಲ್ಲೋ ರೈಲು ಹಾಯುವ ಸದ್ದು ಏರುತ್ತದೆ, ಏರುತ್ತದೆ, ಕಿವಿಗಡಚಿಕ್ಕುವಷ್ಟು ಏರುತ್ತದೆ. ರೈಲನ್ನು ಒಮ್ಮೆಯೂ ತೋರಿಸುವುದಿಲ್ಲ. ಅಷ್ಟು ಸದ್ದು ಆ ಮೇಜಿನ ಬಳಿ ಇದ್ದಿರಲಾರದು ಎಂದು ಬುದ್ಧಿಗೆ ಗೊತ್ತು. ಅದು ಮೈಕೆಲ್‌ನ ತಲೆಯೊಳಗಿನ ಸದ್ದು ಎಂದು ಮೈಗೆ ಗೊತ್ತು. ಗುಂಡು ಹಾರುವವರೆಗೂ ಸಂಗೀತವಿಲ್ಲ, ಅವನು ಪಿಸ್ತೂಲು ಕೈಬಿಟ್ಟ ಮೇಲಷ್ಟೇ ನೀನೋ ರೋಟಾ ಅವರ ವಾದ್ಯಗಳು ಒಳಬರುತ್ತವೆ. ಆ ರೈಲಿನ ಸದ್ದಿನ ಹಿಂದಿದ್ದವರು ಶಬ್ದದ ಕಸುಬುದಾರ ವಾಲ್ಟರ್ ಮರ್ಚ್. ಸಂಗೀತ ಹಾಕಿದ್ದರೆ 'ಈಗ ಭಯಪಡಿ' ಎಂದು ಹೇಳಿದಂತಾಗುತ್ತಿತ್ತು. ರೈಲು ಏನನ್ನೂ ಹೇಳುವುದಿಲ್ಲ, ನಮ್ಮನ್ನು ಅವನ ಕುರ್ಚಿಯಲ್ಲಿ ಕೂರಿಸುತ್ತದೆ.

ಇದನ್ನೇ ನಮ್ಮ ಜಗಲಿಗೆ ತನ್ನಿ. ಕಿವಿ ಮಗನದಾದರೆ, ಬೆಂಗಳೂರಿನ ಟ್ರಾಫಿಕ್ಕಿನಿಂದ ಬಂದವನಿಗೆ ಮೊದಲು ತಾಗುವುದು ಮೌನ, ಅದರೊಳಗಿಂದ ಒಂದೊಂದಾಗಿ ಎದ್ದು ಬರುವ ಗಡಿಯಾರ, ಫ್ರಿಜ್ಜು, ಎಲ್ಲಕ್ಕಿಂತ ಮೇಲೆ ಅಡಕತ್ತರಿ. ಪ್ರತಿ ಕಟಕ್ ಒಂದು ಆರೋಪದಂತೆ ಕೇಳಬೇಕು. ಜೀರುಂಡೆ ಕಪ್ಪೆಗಳೆಲ್ಲ ಒಂದೇ ಕಲಸುಮೇಲೋಗರದ ಗದ್ದಲ, ಏಕೆಂದರೆ ಅವನು ಅವುಗಳನ್ನು ಬಿಡಿಬಿಡಿಯಾಗಿ ಕೇಳುವುದನ್ನು ಮರೆತಿದ್ದಾನೆ. ಕಿವಿ ಅಮ್ಮನದಾದರೆ ಎಲ್ಲವೂ ಬೇರೆ. ಗಡಿಯಾರ, ಫ್ರಿಜ್ಜು ಅವಳಿಗೆ ಕೇಳಿಸುವುದೇ ಇಲ್ಲ, ನಲವತ್ತು ವರ್ಷದ ರೂಢಿ ಅವುಗಳನ್ನು ಅಳಿಸಿಹಾಕಿದೆ. ಅವಳಿಗೆ ಕೇಳಿಸುವುದು ಮನೆಯ ಹೊರಗಿನದು: ಬಸ್ಸು ತಿರುವಿನಲ್ಲಿ ನಿಂತದ್ದು, ಅಂಗಳಕ್ಕೆ ಕಾಲಿಟ್ಟದ್ದು, ತೋಟದ ಕಡೆಯಿಂದ ಸೋಗೆಯೊಂದು ಕಳಚಿ ಬಿದ್ದದ್ದು. ಕಾಗದದ ಮುಂದೆ ಕುಳಿತಾಗ ಆ ಸೋಗೆ ಬೀಳುವ ಸದ್ದು ಅವಳೊಬ್ಬಳಿಗೆ ಮುಟ್ಟಿ, ಮಗನ ಮುಖದಲ್ಲಿ ಏನೂ ಕದಲದಿದ್ದರೆ, ಒಂದು ಸಂಭಾಷಣೆ ಬರೆಯುವ ಶ್ರಮ ಉಳಿಯಿತು.

ಎರಡರಲ್ಲಿ ಒಂದನ್ನು ಆರಿಸಿ. ನಡುವೆ ಒಮ್ಮೆ ದಾಟಬಹುದು, ಆದರೆ ಆ ದಾಟು ಪ್ರೇಕ್ಷಕರಿಗೆ ತಿಳಿಯುವಂತಿರಲಿ. ನಾನು ಮಗನ ಕಿವಿಯಿಂದ ಶುರುಮಾಡಿ, ಕಾಗದ ನೆಲಕ್ಕಿಟ್ಟ ಕ್ಷಣದಲ್ಲಿ ಅಮ್ಮನ ಕಿವಿಗೆ ದಾಟುತ್ತೇನೆ. ಅಲ್ಲಿಂದ ಮುಂದೆ ಗಡಿಯಾರವಿಲ್ಲ.

ಹೆಜ್ಜೆ 4: ಜಾಗದಲ್ಲಿ ಹಿಡಿಯಬೇಕಾದದ್ದು

ರೆಕಾರ್ಡರನ್ನು 48 ಕಿಲೋಹರ್ಟ್ಸ್, 24 ಬಿಟ್‌ಗೆ ಇಡಿ. ಮಾತಿನ ಏರು ಮೈನಸ್ 12 ಡೆಸಿಬೆಲ್ ಸುತ್ತಮುತ್ತ ನಿಲ್ಲಲಿ, ಸೊನ್ನೆ ಮುಟ್ಟಿದರೆ ಒಡೆದ ಧ್ವನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಜೋಡಿಸಲಾರದು. ಮೈಕ್ ಬಾಯಿಗೆ ಹತ್ತಿರವಿರಲಿ. ದುಬಾರಿ ಮೈಕ್ ದೂರದಲ್ಲಿರುವುದಕ್ಕಿಂತ ಸಾಧಾರಣ ಮೈಕ್ ಒಂದು ಮೊಳದಲ್ಲಿರುವುದು ಮೇಲು. ಪ್ರತಿ ಶಾಟ್‌ಗೂ ಚಪ್ಪಾಳೆ ತಟ್ಟಿ, ಆಮೇಲೆ ಚಿತ್ರ ಮತ್ತು ಧ್ವನಿಯನ್ನು ಹೊಂದಿಸಲು ಬೇಕು.

ಚಿತ್ರೀಕರಣದ ವೇಳೆ ಫ್ರಿಜ್ಜನ್ನು ಆಫ್ ಮಾಡಿಸಿ. ಅದರ ಗುಂಯ್ ಸದ್ದು ನಮಗೆ ಬೇಕಾದರೆ ಬೇರೆಯಾಗಿ ಹಿಡಿಯೋಣ, ಮಾತಿನೊಳಗೆ ಸೇರಿಕೊಂಡರೆ ಬೇರ್ಪಡಿಸುವುದು ಕಷ್ಟ. ಆಫ್ ಮಾಡಿದವರು ತಮ್ಮ ಬೈಕಿನ ಕೀಯನ್ನು ಫ್ರಿಜ್ಜಿನೊಳಗೆ ಇಡುವುದು ಈ ಕಸುಬಿನ ಹಳೆಯ ಉಪಾಯ. ಹೊರಡುವಾಗ ಕೀ ಹುಡುಕುತ್ತೀರಿ, ಫ್ರಿಜ್ಜು ನೆನಪಾಗುತ್ತದೆ, ಮನೆಯವರ ಹಾಲು ಒಡೆಯುವುದಿಲ್ಲ.

ಎಲ್ಲ ಮುಗಿದ ಮೇಲೆ ಯಾರೂ ಕದಲದಂತೆ ನಿಲ್ಲಿಸಿ ಒಂದು ನಿಮಿಷ ಆ ಜಾಗದ ಬರಿಯ ಮೌನವನ್ನು ಹಿಡಿಯಿರಿ. ರೂಮ್ ಟೋನ್ ಎನ್ನುವುದು ಇದನ್ನೇ. ಮೌನ ಒಂದೊಂದು ಕೋಣೆಗೆ ಒಂದೊಂದು ಬಗೆಯದು. ಮಾತುಗಳ ನಡುವಿನ ತೇಪೆಗೆ ಇದೇ ಬಟ್ಟೆ ಬೇಕು. ಬಳಿಕ ಅಡಕತ್ತರಿಯನ್ನು ಹತ್ತಿರದಿಂದ ಬೇರೆಯಾಗಿ ಹಿಡಿಯಿರಿ: ನಿಧಾನ, ಅವಸರ, ಅರ್ಧಕ್ಕೆ ನಿಂತದ್ದು, ಬರೀ ಲೋಹ ತಾಗಿದ್ದು, ತಟ್ಟೆಗೆ ಹೋಳು ಬಿದ್ದದ್ದು. ಒಣ ಅಡಿಕೆಯನ್ನೇ ಬಳಸಿ, ನೆನೆದ ಅಡಿಕೆಗೆ ಆ ಕಟಕ್ ಬರುವುದಿಲ್ಲ. ಹೆಜ್ಜೆ, ಬಟ್ಟೆ, ಕಾಗದದ ಸದ್ದುಗಳನ್ನು ಮನೆಯಲ್ಲೇ ಚಿತ್ರ ನೋಡುತ್ತ ಮತ್ತೆ ಸೃಷ್ಟಿಸಬಹುದು. ಫೋಲಿ ಎಂಬ ಈ ಕಲೆಗೆ ಒಂದು ಮುಚ್ಚಿದ ಮಲಗುವ ಕೋಣೆ ಸಾಕು.

ಹೆಜ್ಜೆ 5: ಪದರ ಪದರವಾಗಿ ಹಾಸಿ

ಎಡಿಟಿಂಗ್ ತಂತ್ರಾಂಶದಲ್ಲಿ ಮೊದಲು ಮಾತು. ಅದರಡಿ ರೂಮ್ ಟೋನ್. ಅದರಡಿ ಹೊರಗಿನ ವಾತಾವರಣ, ಅಂದರೆ ಆಂಬಿಯನ್ಸ್. ಆಮೇಲೆ ಫೋಲಿ, ಕೊನೆಗೆ ಬಿಡಿ ಸದ್ದುಗಳು. ಸೆಕೆಂಡಿಗೆ 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡು. ಅಡಕತ್ತರಿಯ ಸದ್ದು ಒಂದು ಫ್ರೇಮ್ ತಡವಾದರೆ ಕಿವಿ ಸಹಿಸುತ್ತದೆ, ಮುಂಚೆ ಬಂದರೆ ಸುಳ್ಳೆನ್ನಿಸುತ್ತದೆ. ಪ್ರಕೃತಿಯಲ್ಲಿ ಸದ್ದು ಬೆಳಕಿನ ಹಿಂದೆಯೇ ಬರುವುದು. ಹಾಗಿದ್ದೂ ಮಿಂಚಿದ ಕ್ಷಣವೇ ಗುಡುಗಿಸುವ ಚಿತ್ರಗಳಿಗೆ ಬರವಿಲ್ಲ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಆ ಮೂರು ಸೆಕೆಂಡು ಕಾಯಿಸಿದರೆ ಮಳೆ ಗುಡ್ಡದಾಚೆ ಸರಿದಿದೆ ಎಂದು ಹೇಳಿದಂತಾಯಿತು.

ಹಿಂದಿನ ದೃಶ್ಯದಿಂದ ಬರುವಾಗ ಬಸ್ಸಿನ ಸದ್ದನ್ನು ಕಟ್‌ಗಿಂತ ಎರಡು ಸೆಕೆಂಡು ಮೊದಲೇ ಒಳಬಿಡಿ. ಮಗ ಮನೆ ತಲುಪುವ ಮುಂಚೆ ಅವನ ಬರವು ತಲುಪುತ್ತದೆ.

ಸನ್ನಿವೇಶದ ದುಃಖಕ್ಕೆ ಸೊಪ್ಪು ಹಾಕದೆ ತನ್ನ ಪಾಡಿಗೆ ನಡೆಯುವ ಸದ್ದಿನ ಬಗ್ಗೆ ಫ್ರೆಂಚ್ ಚಿಂತಕ ಮಿಶೆಲ್ ಶಿಯೋಂ ವಿವರವಾಗಿ ಬರೆದಿದ್ದಾರೆ. ಇಲ್ಲಿ ಅದು ಹಂಚಿನ ಹನಿ. ಅವಳು ಸಹಿ ಹಾಕಿದರೂ ಬಿಟ್ಟರೂ ಅದು ಬೀಳುತ್ತಿರುತ್ತದೆ. ಅದನ್ನು ದುಃಖಕ್ಕೆ ತಕ್ಕಂತೆ ನಿಧಾನ ಮಾಡುವ ಆಸೆ ಹುಟ್ಟುತ್ತದೆ, ತಡೆದುಕೊಳ್ಳಿ. ಹಾಗೆಯೇ ಗಡಿಯಾರದ ಗಂಟೆಯನ್ನು ಸಹಿಯ ಮೇಲೆ ಬಾರಿಸಬೇಡಿ. ಮೇಜು ಗುದ್ದಿ ಮಾತಾಡುವವರಂತೆ ಕಾಣುತ್ತದೆ. ಬಾರಿಸಲೇಬೇಕಿದ್ದರೆ "ಊಟ ಆಯಿತೇ?" ಎನ್ನುವಲ್ಲಿ ಬಾರಿಸಲಿ, ಯಾರೂ ಗಮನಿಸದಂತೆ.

ಹೆಜ್ಜೆ 6: ಮೌನವನ್ನು ಕಟ್ಟಿ

ಮೌನ ಎಂದರೆ ಎಲ್ಲ ಟ್ರ್ಯಾಕ್ ಬಂದ್ ಮಾಡುವುದಲ್ಲ. ಹಾಗೆ ಮಾಡಿದರೆ ಪ್ರೇಕ್ಷಕರು ಸ್ಪೀಕರ್ ಕೆಟ್ಟಿತೇ ಎಂದು ತಿರುಗಿ ನೋಡುತ್ತಾರೆ. ಯಾವುದೋ ಒಂದು ಸದ್ದಿಗೆ ಕಿವಿಯನ್ನು ಒಗ್ಗಿಸಿ, ಆಮೇಲೆ ಅದನ್ನು ಕಿತ್ತುಕೊಳ್ಳಬೇಕು. ಕಿತ್ತುಕೊಂಡ ಜಾಗದಲ್ಲಿ ಸಣ್ಣ ಸದ್ದುಗಳು ದೊಡ್ಡದಾಗುತ್ತವೆ.

ದೃಶ್ಯದ ಮೊದಲ ಎಪ್ಪತ್ತು ಸೆಕೆಂಡು ಅಡಕತ್ತರಿ ಒಂದೇ ಲಯದಲ್ಲಿ ನಡೆಯಲಿ, ಪ್ರೇಕ್ಷಕರು ಅದನ್ನು ಮರೆಯುವಷ್ಟು. ಮಗ ಬಂದಾಗ ನಿಲ್ಲುವುದು ಬೇಡ. ಊಟದ ಪ್ರಶ್ನೆಯಲ್ಲೂ ನಿಲ್ಲುವುದು ಬೇಡ, ಅದು ಅವಳು ಕೈ ನಿಲ್ಲಿಸದೆ ಕೇಳುವ ಪ್ರಶ್ನೆ. ಕಾಗದ ನೆಲಕ್ಕೆ ತಾಗಿದಾಗಲೂ ಇನ್ನೊಂದು ಕಟಕ್ ಬರಲಿ. ಅದರ ಮುಂದಿನದು ಬರಬೇಕಾದ ಜಾಗದಲ್ಲಿ ಬಾರದಿರಲಿ. ಕಾಗದ ಇಟ್ಟ ಕ್ಷಣದಲ್ಲೇ ನಿಲ್ಲಿಸಿದರೆ ಅದು ನಾಟಕ. ಒಂದು ಬಾರಿ ಮೀರಿ ನಿಂತರೆ ಅವಳಿಗೆ ವಿಷಯ ಒಳಗೆ ಇಳಿಯಲು ಹಿಡಿದ ಹೊತ್ತು ಕೇಳಿಸುತ್ತದೆ. ಆಮೇಲೆ ಹನಿ, ಪೆನ್ನಿನ ಕೆರೆತ, ಬಿದ್ದ ಸೋಗೆ.

ಸಹಿಯ ನಂತರ ಅಡಕತ್ತರಿ ಮತ್ತೆ ಶುರುವಾಗಬೇಕೇ? ನಾನು ಮೂರು ಬಗೆಯಲ್ಲಿ ಮಾಡಿ ನೋಡಿದ್ದೇನೆ. ಅದೇ ಲಯದಲ್ಲಿ ಮರಳಿದರೆ ಅವಳು ಒಪ್ಪಿಕೊಂಡಳು ಎಂದಾಗುತ್ತದೆ. ತುಸು ಅವಸರದಲ್ಲಿ ಮರಳಿದರೆ ಸಿಟ್ಟು. ಮರಳದಿದ್ದರೆ ಕಥೆ ಅಲ್ಲೇ ಮುಗಿದಂತೆ. ನಟಿಯ ಮುಖ ಮೂರರಲ್ಲೂ ಒಂದೇ, ಒಂದು ಚೌಕಟ್ಟೂ ಬದಲಾಗಿಲ್ಲ.

ಹೆಜ್ಜೆ 7: ಈಗ ಸಂಗೀತ, ಬೇಕಿದ್ದರೆ

ಸಂಗೀತವಿಲ್ಲದೆ ಒಮ್ಮೆ ಪೂರ್ತಿ ನೋಡಿ. ಎಲ್ಲಿ ಕೊರತೆಯಿದೆ, ಆ ಕೊರತೆಯನ್ನು ಸಂಗೀತವೇ ತುಂಬಬೇಕೇ? ನಟನೆ ಸೋತ ಜಾಗಕ್ಕೆ ಹಚ್ಚುವ ಮುಲಾಮು ಅದಲ್ಲ, ಗಾಯವನ್ನು ಎತ್ತಿ ತೋರಿಸುತ್ತದೆ. ಧಾರಾವಾಹಿಗಳಲ್ಲಿ ಅತ್ತೆಯ ಮುಖವನ್ನು ಮೂರು ಸಲ ಹಿಗ್ಗಿಸಿ ಮೂರು ಸಲ ಧಡ್ ಎನ್ನಿಸುವಾಗ ನಡೆಯುವುದು ಅದೇ.

ಹಿಚ್‌ಕಾಕ್ 'ಸೈಕೋ' (1960) ಚಿತ್ರದ ಸ್ನಾನದ ಕೋಣೆಯ ಕೊಲೆಗೆ ಸಂಗೀತ ಬೇಡವೆಂದಿದ್ದರು. ಬರ್ನಾರ್ಡ್ ಹರ್ಮನ್ ಹಾಗಿದ್ದರೂ ಬರೆದರು, ತಂತಿವಾದ್ಯಗಳಷ್ಟನ್ನೇ ಬಳಸಿ. ಕೇಳಿದ ಮೇಲೆ ನಿರ್ದೇಶಕ ಮನಸ್ಸು ಬದಲಿಸಿದರು. ಅದೇ ಹಿಚ್‌ಕಾಕ್ ಮೂರು ವರ್ಷದ ನಂತರ 'ದಿ ಬರ್ಡ್ಸ್' ಚಿತ್ರಕ್ಕೆ ರೂಢಿಯ ಹಿನ್ನೆಲೆ ಸಂಗೀತವನ್ನೇ ಬಿಟ್ಟು, ವಿದ್ಯುತ್ ವಾದ್ಯದಲ್ಲಿ ಹುಟ್ಟಿಸಿದ ಹಕ್ಕಿ ಸದ್ದುಗಳನ್ನು ನೆಚ್ಚಿಕೊಂಡರು. ಅಂದರೆ ಈ ವಿಷಯದಲ್ಲಿ ವ್ರತ ಹಿಡಿಯಬೇಕಾಗಿಲ್ಲ.

ಸಂಗೀತ ಎಲ್ಲಿ ಒಳಬರುತ್ತದೆ ಎಂಬುದು ಯಾವ ರಾಗ ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ಸ್ಪೀಲ್‌ಬರ್ಗ್ ಅವರ 'ಜಾಸ್' (1975) ಚಿತ್ರಕ್ಕೆ ಜಾನ್ ವಿಲಿಯಮ್ಸ್ ಮಾಡಿದ ಎರಡು ಸ್ವರದ ಶಾರ್ಕ್ ಸಂಗೀತ ಎಲ್ಲರಿಗೂ ಗೊತ್ತು. ಅದರ ಜಾಣತನ ಇರುವುದು ಅದು ಬಾರದ ಜಾಗದಲ್ಲಿ. ಹುಡುಗರಿಬ್ಬರು ಸುಳ್ಳು ಈಜುರೆಕ್ಕೆ ಕಟ್ಟಿಕೊಂಡು ಜನರನ್ನು ಹೆದರಿಸುವಾಗ ಆ ಎರಡು ಸ್ವರ ಕೇಳಿಸುವುದಿಲ್ಲ. ಸಂಗೀತ ಸುಳ್ಳು ಹೇಳುವುದಿಲ್ಲ ಎಂಬ ಒಪ್ಪಂದವನ್ನು ಹಾಗೆ ಉಳಿಸಿಕೊಂಡು, ಆಮೇಲೆ ಯಾವ ಮುನ್ಸೂಚನೆಯೂ ಇಲ್ಲದೆ ಶಾರ್ಕನ್ನು ಮೇಲೆಬ್ಬಿಸಿ ಆ ಒಪ್ಪಂದವನ್ನೇ ಮುರಿಯುತ್ತಾರೆ.

ಯಕ್ಷಗಾನ ನೋಡಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೀರ, ರೌದ್ರಕ್ಕೆ ಚೆಂಡೆ ಏಳುತ್ತದೆ, ಕರುಣ, ಶೃಂಗಾರಕ್ಕೆ ಮದ್ದಳೆ ಸಾಕು. ಚೆಂಡೆ ಸುಮ್ಮನಿದ್ದಷ್ಟು ಹೊತ್ತು ಅದರ ಬೆಲೆ ಏರುತ್ತಿರುತ್ತದೆ.

ರಾಗ, ವಾದ್ಯದ ಆಯ್ಕೆಯಲ್ಲಿ ಹಳೆಯ ನಂಟುಗಳ ಬಗ್ಗೆ ಎಚ್ಚರವಿರಲಿ. ಶೋಕಕ್ಕೆ ಮುಖಾರಿ ರಾಗ, ಮದುವೆಗೆ ನಾದಸ್ವರ, ಹಳ್ಳಿಗೆ ಕೊಳಲು. ನಮ್ಮ ಜಗಲಿಗೆ ಕೊಳಲು ಹಾಕಿದರೆ ಪ್ರವಾಸೋದ್ಯಮದ ಜಾಹೀರಾತು. ಮುಖಾರಿ ಹಾಕಿದರೆ ಮತ್ತೆ ಸೋದರತ್ತೆಯ ಪ್ರಶ್ನೆ. ನಾನು ಆರಿಸಿಕೊಂಡದ್ದು ಒಂದೇ ಒಂದು ತಂಬೂರಿಯ ಶ್ರುತಿ, ಸಹಿ ಮುಗಿದು ಇಬ್ಬರೂ ಒಳಗೆ ಹೋದ ಮೇಲೆ, ಖಾಲಿ ಜಗಲಿಯ ಶಾಟ್‌ನಲ್ಲಿ. ಅಳು ಬಂದವರಿಗೆ ಅಳಲು ಜಾಗವಿದೆ, ಬಾರದವರನ್ನು ಯಾರೂ ಒತ್ತಾಯಿಸುತ್ತಿಲ್ಲ. ಅದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದಂತೆ ಫ್ರಿಜ್ಜಿನ ಗುಂಯ್ ಸದ್ದಿನೊಳಗಿಂದ ಎಬ್ಬಿಸಿದೆ, ಎರಡರ ಶ್ರುತಿಯನ್ನೂ ಹೊಂದಿಸಿ. ನಿಮಗೆ ಬೇರೆಯದು ಹೊಳೆಯಬಹುದು. ಋತ್ವಿಕ್ ಘಟಕ್ 'ಮೇಘೇ ಢಾಕಾ ತಾರಾ'ದಲ್ಲಿ (1960) ನಾಯಕಿ ನೀತಾಳ ಮನಸ್ಸು ಒಡೆಯುವಲ್ಲಿ ಚಾಟಿಯೇಟಿನ ಸದ್ದನ್ನೇ ಬಳಸಿದರು. ಅಲ್ಲಿ ಚಾಟಿಯೂ ಇಲ್ಲ, ಹೊಡೆಯುವವರೂ ಇಲ್ಲ.

ಎಡಿಟಿಂಗ್ ವೇಳೆ ಇರಲಿ ಎಂದು ಪ್ರಸಿದ್ಧ ಚಿತ್ರದ ಸಂಗೀತವನ್ನು ತಾತ್ಕಾಲಿಕವಾಗಿ ಹಾಕಿಕೊಳ್ಳುವ ಚಟ ಬೇಡ. ಹತ್ತು ದಿನ ಅದರೊಡನೆ ನೋಡಿದರೆ ಬೇರೆ ಯಾವುದೂ ರುಚಿಸುವುದಿಲ್ಲ. ಅದನ್ನೇ ಉಳಿಸಿಕೊಳ್ಳುವ ಹಾಗೂ ಇಲ್ಲ, ಹಕ್ಕುದಾರರ ಅನುಮತಿ ಬೇಕು. ಪುರಂದರದಾಸರ ಕೀರ್ತನೆ ಎಲ್ಲರದ್ದು, ಆದರೆ ಅದನ್ನು ಇತ್ತೀಚೆಗೆ ಹಾಡಿ ಮುದ್ರಿಸಿದ ಧ್ವನಿಮುದ್ರಿಕೆ ಎಲ್ಲರದ್ದಲ್ಲ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಗೆಳೆಯರೊಬ್ಬರನ್ನು ಕೂರಿಸಿ ಹೊಸದಾಗಿ ಹಾಡಿಸಿಕೊಳ್ಳುವುದು ಅಗ್ಗ.

ಹೆಜ್ಜೆ 8: ಮಿಕ್ಸಿಂಗ್

ಮಾತನ್ನು ಮೊದಲು ಒಂದು ಮಟ್ಟಕ್ಕೆ ನಿಲ್ಲಿಸಿ, ಉಳಿದದ್ದನ್ನು ಅದರ ಸುತ್ತ ಏರಿಸಿ ಇಳಿಸಿ. ಯೂಟ್ಯೂಬ್ ಜೋರಾದ ಧ್ವನಿಯನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಧ್ವನಿಯ ಒಟ್ಟಾರೆ ಜೋರನ್ನು ಅಳೆಯುವ ಮಾನ) ಸುತ್ತಮುತ್ತಕ್ಕೆ ತಾನೇ ಇಳಿಸುತ್ತದೆ, ಆದ್ದರಿಂದ ಅದಕ್ಕಿಂತ ಕಿರುಚಿಸಿ ಲಾಭವಿಲ್ಲ. ಅತಿ ಎತ್ತರದ ಬಿಂದು ಮೈನಸ್ 1 ಡೆಸಿಬೆಲ್ ದಾಟದಿರಲಿ. ಫೋನಿನಲ್ಲಿ ಬರುವ ಧ್ವನಿ ಬೇಕಾದರೆ 300ರಿಂದ 3,400 ಹರ್ಟ್ಸ್ ನಡುವಿನದನ್ನು ಉಳಿಸಿ ಮಿಕ್ಕದ್ದನ್ನು ಕತ್ತರಿಸಿ, ಹಳೆಯ ದೂರವಾಣಿ ಸಾಗಿಸುತ್ತಿದ್ದದ್ದು ಅಷ್ಟನ್ನೇ.

ಹೆಡ್‌ಫೋನಿನಲ್ಲಿ ಮುಗಿಸಿದ್ದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿ. ತಂಬೂರಿಯ ತಳದ ನಾದ ಅಲ್ಲಿ ಬಹುಪಾಲು ಮಾಯವಾಗುತ್ತದೆ, ಸಣ್ಣ ಸ್ಪೀಕರಿಗೆ ಆ ಶಕ್ತಿಯಿಲ್ಲ. ದೃಶ್ಯದ ಅರ್ಥವನ್ನೆಲ್ಲ ಆ ತಳದ ನಾದಕ್ಕೆ ಕಟ್ಟಿದ್ದರೆ ಬಸ್ಸಿನಲ್ಲಿ ಕುಳಿತು ನೋಡುವವರಿಗೆ ಏನೂ ತಲುಪುವುದಿಲ್ಲ. ನಾನು ಒಂದು ಸ್ಥಾಯಿ ಮೇಲಿನ ತಂತಿಯನ್ನು ಸ್ವಲ್ಪ ಎತ್ತಿದೆ.

ಹೆಜ್ಜೆ 9: ಕಥೆ ಗೊತ್ತಿಲ್ಲದವರಿಗೆ ತೋರಿಸಿ

ಮೂರು ಜನ ಸಾಕು, ಆದರೆ ಚಿತ್ರ ಮಾಡುವವರು ಬೇಡ. ಸಂಗೀತ ಹೇಗಿತ್ತು ಎಂದು ಕೇಳಬೇಡಿ. ಚೆನ್ನಾಗಿತ್ತು ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಅಮ್ಮನಿಗೆ ಯಾವಾಗ ವಿಷಯ ಗೊತ್ತಾಯಿತು, ಮಗನಿಗೆ ನಾಚಿಕೆಯಾಯಿತೇ, ಆ ಮನೆಯ ಸುತ್ತ ಏನಿದೆ ಎಂದು ಕೇಳಿ. ಮೂವರಲ್ಲಿ ಒಬ್ಬರಾದರೂ ತಾವಾಗಿ ಮೊದಲು ಸಂಗೀತವನ್ನೇ ಹೊಗಳಿದರೆ ಎದ್ದು ಹೋಗಿ ತಂಬೂರಿಯ ಟ್ರ್ಯಾಕನ್ನು ಎರಡು ಡೆಸಿಬೆಲ್ ಇಳಿಸಿ, ಮತ್ತೆ ತೋರಿಸಿ.